ಬೆಳ್ಳುಳ್ಳಿ ಹೆಸರಿನ ಊರಲ್ಲಿ ಎಂಟು ಪಟ್ಟು ದುಬಾರಿ ಮನೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಿಂದ ಮೆಕ್ಸಿಕೊದ ಕಡಲತೀರಕ್ಕೆ ಹೊರಟವರು ಗಿಲಾ ಬೆಂಡ್ ಎಂಬಲ್ಲಿ ದೊಡ್ಡ ಹೆದ್ದಾರಿ ಬಿಟ್ಟು 85ನೇ ನಂಬರಿನ ರಸ್ತೆ ಹಿಡಿಯುತ್ತಾರೆ. ಚಾಂಡ್ಲರ್‌ನ ಚಿಪ್ ಕಾರ್ಖಾನೆಗಳಲ್ಲಿರುವ ನಮ್ಮ ಹುಡುಗರೂ ಸಾಲು ರಜೆ ಬಂತೆಂದರೆ ಚಿತ್ರಾನ್ನ, ಮೊಸರನ್ನದ ಡಬ್ಬ ಕಟ್ಟಿಕೊಂಡು ಇದೇ ದಾರಿಯಲ್ಲಿ ಆ ಕಡಲತೀರದ ಊರು ರಾಕಿ ಪಾಯಿಂಟಿಗೆ ಹೋಗಿಬರುವುದುಂಟು. ಎರಡೂ ಕಡೆ ಕೈ ಮೇಲೆತ್ತಿ ನಿಂತ ಹಾಗೆ ಕಾಣುವ ಸಗ್ವಾರೊ ಕಳ್ಳಿಗಳು. ಅವುಗಳ ನಡುವೆ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಒಂದು ಊರು ಸಿಗುತ್ತದೆ. ಅಕ್ಷರ ಕೂಡಿಸಿ ಓದಿದರೆ ಅಜೋ, ಸ್ಥಳೀಯರ ಬಾಯಲ್ಲಿ ಆಹೊ. ಸ್ಪ್ಯಾನಿಷ್‌ನಲ್ಲಿ ಬೆಳ್ಳುಳ್ಳಿ ಎಂದರ್ಥ. ಅಲ್ಲಿಂದ ಮುಂದೆ ರಸ್ತೆ ಕವಲೊಡೆಯುವ ಜಾಗದಲ್ಲಿ 'ವೈ' ಎಂಬ ಇನ್ನೊಂದು ಪುಟ್ಟ ಊರು. ಅದನ್ನೂ ದಾಟಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ ಕಳ್ಳಿಕಾಡಿನ ನಡುವೆ ಸಾಗಿದರೆ ಲೂಕ್‌ವಿಲ್, ಅಂದರೆ ಅಮೆರಿಕದ ಗಡಿ ಗೇಟು. ಆಹೊದಿಂದ ಗೇಟಿಗೆ ಸುಮಾರು 65 ಕಿಲೋಮೀಟರ್.

ಈ ಗೇಟಿನಲ್ಲಿ ಪಾಸ್‌ಪೋರ್ಟ್ ನೋಡುವ ನೀಲಿ ಸಮವಸ್ತ್ರದವರು, ಸುತ್ತಲಿನ ಮರುಭೂಮಿಯಲ್ಲಿ ಗಸ್ತು ತಿರುಗುವ ಹಸಿರು ಸಮವಸ್ತ್ರದವರು ಇಬ್ಬರೂ ಒಂದೇ ಸಂಸ್ಥೆಗೆ ಸೇರಿದವರು: ಕಸ್ಟಮ್ಸ್ ಆ್ಯಂಡ್ ಬಾರ್ಡರ್ ಪ್ರೊಟೆಕ್ಷನ್, ಚಿಕ್ಕದಾಗಿ ಸಿಬಿಪಿ. ಇವರು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಆ ಸಂಸ್ಥೆ ಆಹೊದಲ್ಲಿ ಕೊಟ್ಟ ಉತ್ತರ 2014ರಲ್ಲಿ ಸುದ್ದಿಯಾಯಿತು. ಗೃಹಭದ್ರತಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ, ನಮ್ಮ ಸಿಎಜಿಯ ಥರ ಲೆಕ್ಕ ಕೆದಕುವ ಕಚೇರಿ, ಒಂದು ವರದಿ ಕೊಟ್ಟಿತು. 21 ಮನೆ, 20 ಮೊಬೈಲ್ ಹೋಮ್ (ಕಾರ್ಖಾನೆಯಲ್ಲೇ ಕಟ್ಟಿ ಲಾರಿಯಲ್ಲಿ ತಂದಿಡುವ ಮನೆ), ಒಟ್ಟು ಖರ್ಚು ಹೆಚ್ಚುಕಡಿಮೆ 1.7 ಕೋಟಿ ಡಾಲರ್. ಮನೆಯೊಂದಕ್ಕೆ ಸುಮಾರು 6,80,000 ಡಾಲರ್ ಬಿದ್ದಿತ್ತು. ಅದೇ ಊರಲ್ಲಿ ಒಂದು ಮನೆಯ ಸರಾಸರಿ ಬೆಲೆ 86,500 ಡಾಲರ್.

ಹತ್ತಿರ ಹತ್ತಿರ ಎಂಟು ಪಟ್ಟು. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ ಎಂದು ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಆಮೇಲೆ ಕೂತು ಲೆಕ್ಕ ಬಿಡಿಸಿದಾಗ, ನಗುವ ಜಾಗ ಅದಲ್ಲ ಅನ್ನಿಸಿತು. ತಪ್ಪು ನಡೆದದ್ದು ನಿಜ. ಆದರೆ ಅದು ಎಲ್ಲರೂ ಬೆರಳು ತೋರಿಸಿದ ಕಡೆ ಇರಲಿಲ್ಲ.

ಮೊದಲು ಆ 86,500 ಎಲ್ಲಿಂದ ಬಂತು ಎಂದು ನೋಡೋಣ. ಆಹೊ ತಾಮ್ರದ ಗಣಿಗಾಗಿ ಹುಟ್ಟಿದ ಊರು. ಗಣಿ ಕಂಪನಿಯೇ ಊರಿಗೆ ನಕ್ಷೆ ಹಾಕಿ, ನಡುವೆ ಬಿಳಿ ಕಮಾನುಗಳ ಚೌಕ, ಈಚಲು ಜಾತಿಯ ಮರಗಳ ಸಾಲು, ರೈಲು ನಿಲ್ದಾಣ ಎಲ್ಲ ಕಟ್ಟಿಸಿತ್ತು. ಕೆಲಸಗಾರರಿಗೆ ಸಾಲು ಸಾಲು ಸಣ್ಣ ಮನೆಗಳು. 1983ರಲ್ಲಿ ದೊಡ್ಡ ಮುಷ್ಕರ ನಡೆಯಿತು, 1985ರಲ್ಲಿ ಗಣಿಯೇ ನಿಂತಿತು. ಸಂಬಳ ನಿಂತ ಊರಲ್ಲಿ ಮನೆ ಯಾರಿಗೆ ಬೇಕು? ಕೆಜಿಎಫ್‌ನ ಸಾಲುಮನೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಹೊದಲ್ಲಿ ಆ ಮನೆಗಳು ಸಸ್ತಾ ಬೆಲೆಗೆ ಬಿಕರಿಯಾದವು. ಉತ್ತರದ ಚಳಿ ತಪ್ಪಿಸಿಕೊಳ್ಳಲು ಬಂದ ನಿವೃತ್ತರು ಕೊಂಡರು. ವರದಿ ಬಂದ ಕಾಲಕ್ಕೆ ಊರಲ್ಲಿ ಇದ್ದದ್ದು ಮೂರು ಸಾವಿರ ಚಿಲ್ಲರೆ ಜನ.

ಅಂದರೆ 86,500 ಎನ್ನುವುದು ಹಳೆಯ ಮನೆ ಮಾರಾಟವಾಗುವ ಬೆಲೆ, ಹೊಸ ಮನೆ ಕಟ್ಟುವ ಖರ್ಚಲ್ಲ. ನಗರಗಳಲ್ಲಿ ಇವೆರಡೂ ಒಂದಕ್ಕೊಂದು ಹತ್ತಿರ ಇರುತ್ತವೆ, ಹಾಗಾಗಿ ನಮಗೆ ವ್ಯತ್ಯಾಸ ಕಾಣುವುದಿಲ್ಲ. ದೂರದ ಊರುಗಳಲ್ಲಿ ಎರಡರ ನಡುವೆ ಕಂದಕವೇ ಇರುತ್ತದೆ. ಉದಾಹರಣೆಗೆ ಒಬ್ಬ ಬಿಲ್ಡರ್ ಅಲ್ಲಿ 2,50,000 ಡಾಲರ್ ಸುರಿದು ಸಾಧಾರಣ ಮನೆ ಕಟ್ಟುತ್ತಾನೆ ಎಂದಿಟ್ಟುಕೊಳ್ಳಿ. ಬ್ಯಾಂಕಿನವರು ಬಂದು ಸುತ್ತಮುತ್ತ ಮಾರಾಟವಾದ ಮನೆಗಳ ದರ ನೋಡಿ ಇದಕ್ಕೆ 1,20,000 ಎಂದು ಬೆಲೆ ಕಟ್ಟುತ್ತಾರೆ. ಸಾಲ ಸಿಗುವುದು ಆ ಬೆಲೆಗೆ ಮಾತ್ರ. ಉಳಿದದ್ದನ್ನು ಕೈಯಿಂದ ಹಾಕಿ ಕಟ್ಟುವ ಪುಣ್ಯಾತ್ಮ ಎಲ್ಲೂ ಸಿಗುವುದಿಲ್ಲ. ಹೀಗಾಗಿ ಮನೆ ಬೇಕೆನ್ನುವವರು ಕ್ಯೂ ನಿಂತಿದ್ದರೂ ಖಾಸಗಿಯವರು ಕಟ್ಟುವುದಿಲ್ಲ.

ಕ್ಯೂ ಹುಟ್ಟಿದ್ದು ಹೇಗೆ ಎಂಬುದಕ್ಕೂ ಇತಿಹಾಸ ಇದೆ. 2004ರಲ್ಲಿ ಗಡಿ ಗಸ್ತು ಪಡೆಯಲ್ಲಿ ಸುಮಾರು 10,800 ಮಂದಿ ಇದ್ದರು. 2009ರ ಹೊತ್ತಿಗೆ 20,000 ದಾಟಿದರು. ಐದು ವರ್ಷದಲ್ಲಿ ಪಡೆ ಇಮ್ಮಡಿಯಾಯಿತು. ಸಂಸತ್ತು ಹುದ್ದೆ ಮಂಜೂರು ಮಾಡಿತು, ತರಬೇತಿ ಕೇಂದ್ರಗಳು ಹುಡುಗರನ್ನು ಸಿದ್ಧ ಮಾಡಿ ಕಳಿಸಿದವು. ಪೆಟ್ಟಿಗೆ ಹಿಡಿದು ಬಂದಿಳಿದವರಿಗೆ ಸೂರು ಎಲ್ಲಿ ಎಂಬುದು ಕೊನೆಯ ಪ್ರಶ್ನೆಯಾಯಿತು. ಹಲವರು ನೂರಾರು ಕಿಲೋಮೀಟರ್ ಆಚೆಯ ಊರುಗಳಲ್ಲಿ ಮನೆ ಮಾಡಿ ಓಡಾಡತೊಡಗಿದರು. ಲೂಕ್‌ವಿಲ್ ಗೇಟು ಬೆಳಗ್ಗೆ ಆರಕ್ಕೆ ತೆರೆಯಬೇಕು. ಫೀನಿಕ್ಸ್ ಕಡೆಯಿಂದ ಬರುವವನು ರಾತ್ರಿ ಎರಡೂವರೆಗೆ ಎದ್ದು ಗಾಡಿ ತೆಗೆಯಬೇಕು. ಹತ್ತು ಗಂಟೆಯ ಡ್ಯೂಟಿ ಮುಗಿಸಿದ ಮೇಲೆ ಅದೇ ಎರಡು ಪಥದ ರಸ್ತೆಯಲ್ಲಿ ನಿದ್ದೆಗಣ್ಣಲ್ಲಿ ವಾಪಸು.

ಜಾಗಕ್ಕೇನು ಬರ, ಸುತ್ತ ಬಯಲೇ ಇದೆಯಲ್ಲ ಅನ್ನಿಸಬಹುದು. ನಕ್ಷೆ ತೆಗೆದು ನೋಡಿದರೆ ಇಲ್ಲಿನ ತಮಾಷೆ ಗೊತ್ತಾಗುತ್ತದೆ. ಉತ್ತರಕ್ಕೆ ವಾಯುಪಡೆಯ ಬಾಂಬ್ ಅಭ್ಯಾಸದ ಬ್ಯಾರಿ ಗೋಲ್ಡ್‌ವಾಟರ್ ವಲಯ. ಪಶ್ಚಿಮಕ್ಕೆ ಕಬೇಸಾ ಪ್ರಿಯೇಟಾ ವನ್ಯಜೀವಿ ಆಶ್ರಯಧಾಮ. ದಕ್ಷಿಣಕ್ಕೆ ಆರ್ಗನ್ ಪೈಪ್ ಕಳ್ಳಿಗಳ ರಾಷ್ಟ್ರೀಯ ಸ್ಮಾರಕ. ಪೂರ್ವಕ್ಕೆ ತೊಹೊನೊ ಓಅಧಾಮ್ ಬುಡಕಟ್ಟಿನ ಸ್ವಂತ ನಾಡು. ಕಣ್ಣು ಹಾಯಿಸಿದಷ್ಟು ನೆಲ, ಆದರೆ ಪೈಪು, ಕರೆಂಟು, ಒಳಚರಂಡಿ ಇರುವ ಖಾಸಗಿ ಸೈಟು ಊರೊಳಗೆ ಬೆರಳೆಣಿಕೆ. ಕೇಂದ್ರ ಸರ್ಕಾರವೇ ಕೊಳ್ಳಲು ಬಂದಿದೆ ಎಂದು ತಿಳಿದರೆ ಮಾರುವವನು ದರ ಇಳಿಸುತ್ತಾನೆಯೇ? ಆಹೊದ ಜಾಗಕ್ಕೆ ಸಿಬಿಪಿ ಜಾಸ್ತಿ ಹಣ ಕೊಟ್ಟಿತು ಎಂದು ಅದೇ ವರದಿ ಹೇಳುತ್ತದೆ.

ಇನ್ನು ಕಟ್ಟುವ ಕಷ್ಟ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಪೇಟೆ ಹತ್ತಿರವೇ ಮನೆ ಕಟ್ಟಿದವರಿರಬೇಕು. ಕಾಂಕ್ರೀಟ್ ಒಂದನ್ನೇ ತೆಗೆದುಕೊಳ್ಳಿ. ಮಿಕ್ಸರ್ ಲಾರಿಯಲ್ಲಿ ನೀರು ಬೆರೆಸಿದ ಗಳಿಗೆಯಿಂದ ಸಾಮಾನ್ಯವಾಗಿ ಒಂದೂವರೆ ಗಂಟೆಯೊಳಗೆ ಅದನ್ನು ಸುರಿದು ಮುಗಿಸಬೇಕು. ಬಿಸಿಲು ಜೋರಿದ್ದರೆ ಇನ್ನೂ ಬೇಗ. ಫೀನಿಕ್ಸ್‌ನಿಂದ ಆಹೊ ಎರಡು ಗಂಟೆಯ ದಾರಿ. ಪೇಟೆಯಲ್ಲಿ ಬೆರೆಸಿ ತಂದರೆ ಆಹೊ ಮುಟ್ಟುವಷ್ಟರಲ್ಲಿ ಡ್ರಮ್ಮಿನೊಳಗೇ ಗಟ್ಟಿಯಾಗಲು ಶುರುವಾಗಿರುತ್ತದೆ. ಹಾಗಾಗಿ ಹತ್ತಿರದಲ್ಲೇ ಬೆರೆಸುವ ಏರ್ಪಾಟು ಮಾಡಬೇಕು, ಇಲ್ಲವೇ ಗಟ್ಟಿಯಾಗುವುದನ್ನು ತಡೆಯುವ ರಾಸಾಯನಿಕ ಹಾಕಿ ರಾತ್ರಿ ತಂಪಿನಲ್ಲಿ ಸಾಗಿಸಬೇಕು. ಎಲೆಕ್ಟ್ರಿಷಿಯನ್, ಪ್ಲಂಬರ್, ಮರಗೆಲಸದವರು ಎಲ್ಲರೂ ಹೊರಗಿನಿಂದ ಬರಬೇಕು. ಅವರಿಗೆ ಮೋಟೆಲ್ ರೂಮು, ಊಟದ ಭತ್ಯೆ. ಒಂದು ಸ್ವಿಚ್‌ಬೋರ್ಡ್ ತಪ್ಪು ಬಂದರೆ ಆ ದಿನದ ಕೆಲಸ ಹೋಯಿತು. ಮನೆಯಿಲ್ಲದ ಊರಲ್ಲಿ ಮನೆ ಕಟ್ಟುವವರಿಗೂ ಉಳಿಯಲು ಮನೆಯಿಲ್ಲ. ನೂರು ಮನೆ ಕಟ್ಟುವುದಾದರೆ ಈ ಖರ್ಚು ಹಂಚಿಹೋಗುತ್ತದೆ. 21ಕ್ಕೆ ಹಂಚಿದರೆ ಪ್ರತಿ ಮನೆಯ ಮೇಲೂ ದಪ್ಪ ಪಾಲು ಬೀಳುತ್ತದೆ.

ಇದರ ಮೇಲೆ ಸರ್ಕಾರಿ ಕಾಮಗಾರಿಯ ನಿಯಮಗಳು. 1931ರ ಡೇವಿಸ್-ಬೇಕನ್ ಕಾಯಿದೆ ಪ್ರಕಾರ 2,000 ಡಾಲರ್ ಮೀರಿದ ಯಾವುದೇ ಕೇಂದ್ರ ಕಾಮಗಾರಿಯಲ್ಲಿ ಆ ಪ್ರದೇಶಕ್ಕೆ ಕಾರ್ಮಿಕ ಇಲಾಖೆ ಗೊತ್ತುಮಾಡಿದ ಕೂಲಿಯನ್ನೇ ಕೊಡಬೇಕು. ಸಾಮಗ್ರಿ ಅಮೆರಿಕದಲ್ಲಿ ತಯಾರಾಗಿದ್ದೇ ಆಗಿರಬೇಕೆಂಬ 1933ರ ಕಾಯಿದೆ ಇದೆ. ಪರಿಸರದ ಮೇಲಿನ ಪರಿಣಾಮ ಪರಿಶೀಲಿಸಬೇಕು, ನೆಲದಡಿ ಪ್ರಾಚೀನ ಅವಶೇಷ ಇದೆಯೇ ಎಂದು ನೋಡಬೇಕು. ಇದರಲ್ಲಿ ಯಾವುದನ್ನೂ ನಾನು ದಂಡ ಎನ್ನುವುದಿಲ್ಲ. ಕಡಿಮೆ ಕೂಲಿಗೆ ಜನರನ್ನು ದುಡಿಸಿ ಕಟ್ಟಿದ ಸರ್ಕಾರಿ ಕ್ವಾರ್ಟರ್ಸ್ ಯಾರಿಗೆ ಬೇಕು? ಆದರೆ ಪ್ರತಿಯೊಂದಕ್ಕೂ ಕಾಗದ, ಕಾಲ, ಸಲಹೆಗಾರರ ಫೀಸು ಹಿಡಿಯುತ್ತದೆ. ಮನೆ ಇಪ್ಪತ್ತೇ ಇರಲಿ, ಇನ್ನೂರೇ ಇರಲಿ, ಆ ಕಾಗದದ ಕಟ್ಟಿನ ದಪ್ಪ ಅಷ್ಟೇ.

ಸರಿ, ಕಟ್ಟಿದ್ದಾಯಿತು, ಬಾಡಿಗೆಯಿಂದಾದರೂ ಹಣ ವಾಪಸು ಬರುತ್ತದೆಯೇ? ಅಲ್ಲೊಂದು ನಿಯಮವಿದೆ. ಅಮೆರಿಕದ ಕೇಂದ್ರ ಸರ್ಕಾರ ನೌಕರರಿಗೆ ಕೊಡುವ ಮನೆಯ ಬಾಡಿಗೆಯನ್ನು ಬಜೆಟ್ ಕಚೇರಿಯ ಎ-45 ಎಂಬ ಸುತ್ತೋಲೆ ನಿಯಂತ್ರಿಸುತ್ತದೆ. ಅದರ ಮೂಲ ತತ್ವ ಸರಳ: ಹತ್ತಿರದ ಊರಲ್ಲಿ ಅಂಥದೇ ಖಾಸಗಿ ಮನೆಗೆ ಎಷ್ಟು ಬಾಡಿಗೆಯೋ ಅಷ್ಟೇ ವಸೂಲಿ ಮಾಡಬೇಕು. ನೌಕರನಿಗೆ ಬಿಟ್ಟಿ ಲಾಭವೂ ಆಗಬಾರದು, ಸುಲಿಗೆಯೂ ಆಗಬಾರದು. ತೀರಾ ದೂರದ ಜಾಗವಾದರೆ ಬಾಡಿಗೆಯಲ್ಲಿ ಒಂದಿಷ್ಟು ಕಡಿತವೂ ಉಂಟು. ನೌಕರನ ದೃಷ್ಟಿಯಿಂದ ನ್ಯಾಯವೇ. ಖಜಾನೆಯ ದೃಷ್ಟಿಯಿಂದ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 800 ಡಾಲರ್ ಬಾಡಿಗೆ ಎಂದು ಊಹಿಸಿಕೊಂಡರೆ ವರ್ಷಕ್ಕೆ 9,600. ಮನೆಗೆ ಹಾಕಿದ 6,80,000 ವಾಪಸು ಬರಲು ಸುಮಾರು 71 ವರ್ಷ. ನಡುವೆ ಸೂರು ಬದಲಿಸುವುದು, ಎಸಿ ಬದಲಿಸುವುದು ಯಾವುದನ್ನೂ ಇಲ್ಲಿ ಸೇರಿಸಿಲ್ಲ. ಆದ್ದರಿಂದ ಇಂಥ ಮನೆಯನ್ನು ಆಸ್ತಿ ಎಂದು ಭಾವಿಸಿದವರಿಗೆ ನಿರಾಸೆಯೇ. ಗಡಿ ಠಾಣೆಯ ಬೇಲಿ, ಸ್ಕ್ಯಾನರ್ ಯಂತ್ರ ಹೇಗೋ ಇದೂ ಹಾಗೆ, ಠಾಣೆ ನಡೆಸುವ ಖರ್ಚಿನ ಒಂದು ಬಾಬತ್ತು.

ಹಾಗಾದರೆ ಸರ್ಕಾರ ತಾನೇ ಕಟ್ಟುವ ಬದಲು, ಇಪ್ಪತ್ತು ವರ್ಷ ಬಾಡಿಗೆ ಕೊಡುತ್ತೇನೆ ನೀನು ಕಟ್ಟು ಎಂದು ಖಾಸಗಿಯವನಿಗೆ ಬರೆದುಕೊಡಬಹುದಲ್ಲ? ನನಗೂ ಇದೇ ಹೊಳೆದಿತ್ತು. ಈ ದಾರಿಗೆ ಅಡ್ಡ ಬರುವುದು ಬಜೆಟ್ ಬರೆಯುವ ಪದ್ಧತಿ. ಮಾರುಕಟ್ಟೆಯಲ್ಲಿ ಬೇರೆಯವರೂ ಬಾಡಿಗೆಗೆ ಹಿಡಿಯಬಹುದಾದ ಕಟ್ಟಡವಾಗಿದ್ದರೆ ಸರ್ಕಾರ ಆಯಾ ವರ್ಷದ ಬಾಡಿಗೆಯನ್ನು ಆಯಾ ವರ್ಷದ ಬಜೆಟ್ಟಿನಲ್ಲಿ ತೋರಿಸಿದರೆ ಸಾಕು. ಆದರೆ ಕಟ್ಟಡದ ಪೂರ್ತಿ ಬೆಲೆಯನ್ನೇ ಹೆಚ್ಚುಕಡಿಮೆ ಸರ್ಕಾರದ ಬಾಡಿಗೆ ತೀರಿಸುತ್ತಿದೆ, ಬೇರೆ ಗಿರಾಕಿಯೇ ಇಲ್ಲ ಎಂದಾದರೆ, ಅದು ಬಾಡಿಗೆಯ ವೇಷದ ಖರೀದಿ ಎಂದು ಬಜೆಟ್ ಕಚೇರಿ ಹೇಳುತ್ತದೆ. ಆಗ ಇಪ್ಪತ್ತು ವರ್ಷದ ಹೊರೆಯನ್ನು ಮೊದಲ ವರ್ಷವೇ ತೋರಿಸಬೇಕು. ಸಾಲವನ್ನು ಬಾಡಿಗೆಯ ಹೆಸರಲ್ಲಿ ಬಚ್ಚಿಡಬಾರದೆಂದು ಮಾಡಿದ ಒಳ್ಳೆಯ ನಿಯಮ. ಅದೇ ನಿಯಮ ದೂರದ ಊರಿಗೆ ಬಂದರೆ ಬಾಗಿಲು ಮುಚ್ಚುತ್ತದೆ, ಏಕೆಂದರೆ ಬೇರೆ ಗಿರಾಕಿ ಇಲ್ಲದಿರುವುದೇ ಅಲ್ಲಿನ ಮೂಲ ಸಮಸ್ಯೆ.

ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ದಾರಿಯೂ ಆಹೊದಲ್ಲಿತ್ತು. ಗಣಿ ಕಾಲದ ದೊಡ್ಡ ಶಾಲೆ, ಕರ್ಲಿ ಸ್ಕೂಲ್, ಪಾಳು ಬಿದ್ದಿತ್ತು. ಊರಿನ ಒಂದು ಸೇವಾ ಸಂಸ್ಥೆ 2007ರ ಸುಮಾರಿಗೆ ಅದನ್ನು ಕಲಾವಿದರು ಇದ್ದುಕೊಂಡೇ ಕೆಲಸ ಮಾಡುವ 30 ಬಾಡಿಗೆ ಮನೆಗಳಾಗಿ ಮಾರ್ಪಡಿಸಿತು. ಹಾಗೆಂದು ಸರ್ಕಾರಿ ಸಂಸ್ಥೆಗೆ ಇದು ಸಲೀಸಲ್ಲ. ಊರ ತುಂಬ ಚದುರಿದ ಹಳೆ ಮನೆ ಕೊಂಡರೆ ಸೀಸದ ಬಣ್ಣ, ಕಲ್ನಾರು ತೆಗೆಸಬೇಕು, ಒಂದೊಂದು ಮನೆಗೆ ಒಂದೊಂದು ಥರದ ರಿಪೇರಿ. ಒಂದೇ ಕಡೆ, ಒಂದೇ ನಕ್ಷೆಯ ಮನೆಗಳಿದ್ದರೆ ನಿರ್ವಹಣೆ ಸುಲಭ ಎಂದು ಎಂಜಿನಿಯರುಗಳು ಹೇಳುವುದರಲ್ಲಿ ತಿರುಳಿದೆ.

ಈಗ ನಿಜವಾದ ತಪ್ಪಿಗೆ ಬರೋಣ. ಆಹೊಗೆ ಶಿಫಾರಸಾಗಿದ್ದದ್ದು ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್‌ಗಳು. ಕಟ್ಟಿದ್ದು ಎರಡು, ಮೂರು ಬೆಡ್‌ರೂಮಿನ ಸಂಸಾರದ ಮನೆಗಳು. ಇನ್ಸ್‌ಪೆಕ್ಟರ್ ಜನರಲ್ ಆಕ್ಷೇಪದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುವುದು ಇದು. ಸುಮಾರು 46 ಲಕ್ಷ ಡಾಲರನ್ನು ಬೇರೆ ಕಡೆ ಚೆನ್ನಾಗಿ ಬಳಸಬಹುದಿತ್ತು ಎಂದು ವರದಿ ಲೆಕ್ಕ ಹಾಕಿತು. 1.7 ಕೋಟಿಯೂ ನೀರಿಗೆ ಬಿತ್ತು ಎಂದು ಅದು ಹೇಳಲಿಲ್ಲ, ಗಮನಿಸಿ.

ಯಾರು ಬಂದಿರುತ್ತಾರೆ ಇಂಥ ಊರಿಗೆ? ಮೊದಲ ಪೋಸ್ಟಿಂಗಿನ ಹುಡುಗ ಅಥವಾ ಹುಡುಗಿ. ಬ್ಯಾಗು, ಟಿವಿ, ಒಂದು ಪಿಕಪ್ ಟ್ರಕ್. ಎರಡು ಮೂರು ವರ್ಷ ಕಳೆದು ವರ್ಗಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿರುವವರು. ಇವರಿಗೆ ಬೇಕಾದ್ದು ಒಂದು ಕೋಣೆ, ತಣ್ಣಗಿನ ಎಸಿ, ಹಗಲು ಮಲಗಲು ಕತ್ತಲಾಗುವ ದಪ್ಪ ಪರದೆ. ಸಂಸಾರಸ್ಥರಿಗೆ ಮೂರು ಬೆಡ್‌ರೂಮು ಕೊಟ್ಟ ಮಾತ್ರಕ್ಕೆ ಅವರು ಬರುವುದಿಲ್ಲ. ಹೆಂಡತಿಗೋ ಗಂಡನಿಗೋ ಆ ಊರಲ್ಲಿ ಕೆಲಸ ಬೇಕು, ಮಕ್ಕಳ ಶಾಲೆ ನೋಡಬೇಕು, ದೊಡ್ಡ ಆಸ್ಪತ್ರೆ ಎಂದರೆ ಫೀನಿಕ್ಸ್ ಅಥವಾ ಟ್ಯೂಸಾನ್. ಮನೆ ಸಾಲದೆ ಬರದವರು ಬೇರೆ, ಊರು ಸಾಲದೆ ಬರದವರು ಬೇರೆ. ಎರಡನೆಯವರಿಗೆ ಇಟ್ಟಿಗೆ ಗಾರೆಯಲ್ಲಿ ಉತ್ತರವಿಲ್ಲ.

ಈ ಭೇದವನ್ನು ಕೆನಡಾದವರು ಚೂರು ಹೆಚ್ಚು ಸ್ಪಷ್ಟವಾಗಿ ಕಂಡುಕೊಂಡಂತಿದೆ. ಅಲ್ಲಿ ದೂರದ ಠಾಣೆಗಳ ಭತ್ಯೆ, ಸರ್ಕಾರಿ ವಸತಿ ಎರಡನ್ನೂ ಒಂದೇ ನಿಯಮಾವಳಿ ನೋಡಿಕೊಳ್ಳುತ್ತದೆ. ಚಳಿ, ಒಂಟಿತನಕ್ಕೆ ಒಂದು ಭತ್ಯೆ, ದುಬಾರಿ ದಿನಸಿಗೆ ಒಂದು, ಉರುವಲಿಗೆ ಇನ್ನೊಂದು. ಮನೆಯಿಂದ ತೀರದ ಕೊರತೆಯನ್ನು ದುಡ್ಡಿನಿಂದ ಸರಿದೂಗಿಸುವ ಪ್ರಯತ್ನ.

ಉತ್ತರ ತುದಿಯಲ್ಲಿ ಎರಡೂ ದೇಶಗಳನ್ನು ಒಟ್ಟಿಗೆ ನೋಡಬಹುದಾದ ಜಾಗವಿದೆ. ಅಲಾಸ್ಕಾ ಹೆದ್ದಾರಿ ಗಡಿ ದಾಟುವಲ್ಲಿ ಅಮೆರಿಕದ ಅಲ್ಕ್ಯಾನ್ ಠಾಣೆ ಗಡಿಗೆ ಅಂಟಿಕೊಂಡೇ ಕೂತಿದೆ. ಹತ್ತಿರದ ಪೇಟೆ ಟೋಕ್, ಸುಮಾರು 150 ಕಿಲೋಮೀಟರ್ ದೂರ. ಅಲ್ಲಿ ಊರಲ್ಲಿ ಬಾಡಿಗೆ ಮನೆ ಹುಡುಕುವ ಮಾತೇ ಇಲ್ಲ, ಅಧಿಕಾರಿಗಳ ಮನೆಗಳು ಠಾಣೆಯ ಜತೆಯಲ್ಲೇ ಇರಬೇಕು. ಕೆನಡಾದವರು ತಮ್ಮ ಠಾಣೆಯನ್ನು ಗಡಿಯಿಂದ ಸುಮಾರು 30 ಕಿಲೋಮೀಟರ್ ಒಳಗೆ, ಬೀವರ್ ಕ್ರೀಕ್ ಎಂಬ ಹಳ್ಳಿಯ ಬಳಿ ಇಟ್ಟಿದ್ದಾರೆ. ನೂರರ ಆಸುಪಾಸಿನ ಜನಸಂಖ್ಯೆ, ಕರೆಂಟು ಬಹುಕಾಲ ಡೀಸೆಲ್ ಜನರೇಟರಿನದೇ. ಆದರೂ ಅದು ಊರು. ನೆರೆಮನೆಯವರು ಇನ್ನೊಬ್ಬ ಕಸ್ಟಮ್ಸ್ ಅಧಿಕಾರಿಯೇ ಆಗಿರಬೇಕಿಲ್ಲ. ಗೇಟನ್ನು ಊರಿನ ಹತ್ತಿರ ತಂದರೆ ವಸತಿಯ ಅರ್ಧ ತಲೆನೋವು ಕಮ್ಮಿ. ಈ ಸೌಲಭ್ಯ ಎಲ್ಲ ಗಡಿಯಲ್ಲೂ ಸಿಗುವುದಿಲ್ಲ. ನಡುವೆ ಕಾಡು ಮಾತ್ರ ಇರುವ ಶಾಂತ ಗಡಿಯಲ್ಲಿ ಇದು ನಡೆಯುತ್ತದೆ, ಲೂಕ್‌ವಿಲ್‌ನಲ್ಲಿ ನಡೆಯದು.

ಬೀವರ್ ಕ್ರೀಕ್ ಹತ್ತಿರದ ಸ್ನ್ಯಾಗ್‌ನಲ್ಲಿ 1947ರ ಫೆಬ್ರವರಿ 3ರಂದು ಉಷ್ಣಾಂಶ ಸೊನ್ನೆಗಿಂತ 63 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಇಂಥ ಕಡೆ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದರ ಮೇಲೆ ನಮ್ಮೂರಿನ ಹಾಗೆ ತಳಪಾಯ ಹಾಕಿ ಮನೆ ಕಟ್ಟಿ ಒಳಗೆ ಹೀಟರ್ ಹಚ್ಚಿದಿರೋ, ಕಾವು ಕೆಳಗಿಳಿದು ಮಣ್ಣಿನ ಮಂಜು ಕರಗಿ ಮನೆಯ ಒಂದು ಮೂಲೆ ಕುಸಿಯುತ್ತದೆ. ಮೊದಲು ಬಾಗಿಲು ಸರಿಯಾಗಿ ಮುಚ್ಚದೆ ಹೋಗುತ್ತದೆ, ಆಮೇಲೆ ಕಿಟಕಿಯ ಗಾಜು ಬಿರುಕು ಬಿಡುತ್ತದೆ, ಆಮೇಲೆ ಪೈಪು. ಅದಕ್ಕೆ ಮನೆಯನ್ನು ಕಂಬಗಳ ಮೇಲೆ ಎತ್ತಿ ಅಡಿಯಲ್ಲಿ ಥಂಡಿ ಗಾಳಿ ಆಡಲು ಬಿಡುತ್ತಾರೆ, ಇಲ್ಲವೇ ದಪ್ಪ ಜಲ್ಲಿ ಹಾಸಿನ ಮೇಲೆ ಕೂರಿಸುತ್ತಾರೆ. ಆಹೊದಲ್ಲಿ ಬಿಸಿಲು ಒಳಗೆ ಬರದಂತೆ ಹೋರಾಟ, ಇಲ್ಲಿ ಮನೆಯ ಬಿಸಿ ಹೊರಗೆ ಹೋಗದಂತೆ. ಇಲಾಖೆ ಒಂದು ಮಾದರಿ ನಕ್ಷೆ ಮಾಡಿ ಎರಡೂ ಕಡೆಗೆ ಕಳಿಸಿದರೆ ನಡೆಯುವುದಿಲ್ಲ. 2021ರ ಮೂಲಸೌಕರ್ಯ ಕಾಯಿದೆಯಲ್ಲಿ ಭೂಗಡಿ ಠಾಣೆಗಳ ನವೀಕರಣಕ್ಕೆ ಅಮೆರಿಕ ಕೋಟಿಗಟ್ಟಲೆ ಡಾಲರ್ ಎತ್ತಿಟ್ಟಿತು. ಆ ಪಟ್ಟಿಯಲ್ಲಿ ಅಲ್ಕ್ಯಾನ್ ಕೂಡ ಇದೆ.

ಮತ್ತೆ 85ನೇ ರಸ್ತೆಗೆ. 2023ರ ಡಿಸೆಂಬರ್ 4ರಂದು ಲೂಕ್‌ವಿಲ್ ಗೇಟನ್ನೇ ಮುಚ್ಚಿಬಿಟ್ಟರು. ಆಸುಪಾಸಿನ ಬೇಲಿ ದಾಟಿ ಬರುತ್ತಿದ್ದ ವಲಸಿಗರ ಸಂಖ್ಯೆ ವಿಪರೀತವಾಗಿ, ಗೇಟಿನ ಅಧಿಕಾರಿಗಳನ್ನು ಆ ಕೆಲಸಕ್ಕೆ ಹಾಕಬೇಕಾಗಿ ಬಂತು. ಒಂದು ತಿಂಗಳು, ಜನವರಿ 4ರ ತನಕ, ರಾಕಿ ಪಾಯಿಂಟ್ ದಾರಿ ಬಂದ್. ಆಹೊದ ಪೆಟ್ರೋಲ್ ಬಂಕು, ಮೆಕ್ಸಿಕೊ ಪ್ರಯಾಣದ ವಿಮೆ ಮಾರುವ ಅಂಗಡಿಗಳ ಮುಂದೆ ಕಾರಿಲ್ಲ. ಗಡಿಯಲ್ಲಿ ಆಳುಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ವಾರದಿಂದ ವಾರಕ್ಕೆ ಬದಲಾಗಬಹುದು. ಮನೆ ಐವತ್ತು ವರ್ಷ ಅಲ್ಲೇ ಇರುತ್ತದೆ. ಸಿಬಿಪಿ ಕೊಂಡ ಆ 20 ಮೊಬೈಲ್ ಹೋಮ್‌ಗಳಿಗೆ ತಲಾ 1,18,000 ಡಾಲರ್ ಬಿದ್ದಿತ್ತು, ಅದನ್ನು ಹೇಳುವುದೇ ಮರೆತಿದ್ದೆ. ಹೆಸರಿಗೆ ಮೊಬೈಲ್. ಲಾರಿಯಿಂದ ಇಳಿಸಿ, ಕಟ್ಟೆಯ ಮೇಲೆ ಕೂರಿಸಿ, ನೀರು ಒಳಚರಂಡಿಯ ಪೈಪು ಜೋಡಿಸಿದ ಮೇಲೆ ಅವೂ ಇದ್ದಲ್ಲೇ ಇರುತ್ತವೆ.